ಜಾಲತಾಣದ ಗದ್ದಲ ಜನಮತವೇ?

2024ರ ನವೆಂಬರ್ 23ರಂದು ಮಹಾರಾಷ್ಟ್ರ ವಿಧಾನಸಭೆಯ ಮತ ಎಣಿಕೆ ನಡೆಯುತ್ತಿದ್ದಾಗ ಮುಂಬಯಿ ಉಪನಗರದ ವರ್ಸೋವಾ ಕ್ಷೇತ್ರದಿಂದ ಬಂದ ಒಂದು ಅಂಕಿ ದೇಶವನ್ನೇ ನಗಿಸಿತು. ಇನ್‌ಸ್ಟಾಗ್ರಾಮ್‌ನಲ್ಲಿ 56 ಲಕ್ಷ ಅನುಯಾಯಿಗಳನ್ನು ಹೊಂದಿದ್ದ ನಟ ಎಜಾಜ್ ಖಾನ್ ಅಲ್ಲಿ ಆಜಾದ್ ಸಮಾಜ ಪಕ್ಷದ ಅಭ್ಯರ್ಥಿಯಾಗಿ ನಿಂತಿದ್ದರು. ಅವರಿಗೆ ಬಿದ್ದದ್ದು 155 ಮತ. ಯಾರೂ ಬೇಡವೆನ್ನುವ 'ನೋಟಾ' ಗುಂಡಿಗೇ ಅದೇ ಕ್ಷೇತ್ರದಲ್ಲಿ ಸಾವಿರಕ್ಕೂ ಹೆಚ್ಚು ಜನ ಬೆರಳಿಟ್ಟಿದ್ದರು. ಗೆದ್ದವರು ಶಿವಸೇನೆಯ ಉದ್ಧವ್ ಠಾಕ್ರೆ ಬಣದ ಹಾರೂನ್ ಖಾನ್; ಜಾಲತಾಣದಲ್ಲಿ ಅವರ ಹೆಸರು ಹೇಳಿದರೆ ವರ್ಸೋವಾದ ಆಚೆ ಗುರುತಿಸುವವರು ಕಡಿಮೆ.

ಈ ಪ್ರಸಂಗವನ್ನು ನಗೆಚಾಟಿಕೆಯಾಗಿ ಮರೆತುಬಿಡುವುದು ಸುಲಭ. ಆದರೆ ಆ 56 ಲಕ್ಷ ಮಂದಿ ಯಾರೂ ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಬೇಕು. ಅವರಲ್ಲಿ ಹೆಚ್ಚಿನವರ ಹೆಸರು ವರ್ಸೋವಾದ ಮತದಾರರ ಪಟ್ಟಿಯಲ್ಲಿ ಇರಲೇ ಇಲ್ಲ. ಹಲವರು ಮನರಂಜನೆಗಾಗಿ ಹಿಂಬಾಲಿಸಿದವರು, ಕೆಲವರು ಜಗಳ ನೋಡಲು ಬಂದವರು. ಅವರು ಕೊಟ್ಟದ್ದು ಒಂದು ಕ್ಷಣದ ಕಣ್ಣು. ಅದನ್ನು ಮನಸ್ಸೆಂದು ಎಣಿಸಿದವರದೇ ತಪ್ಪು. ನೋಡುವುದು, ಮೆಚ್ಚುವುದು, ನಂಬುವುದು, ಒಪ್ಪುವುದು, ಮತ ಹಾಕುವುದು ಇವು ಐದು ಬೇರೆ ಬೇರೆ ಕ್ರಿಯೆಗಳು. ಜಾಲತಾಣವು ಈ ಐದನ್ನೂ ಒಂದೇ ಸಂಖ್ಯೆಯೊಳಗೆ ಬೆರೆಸಿ ತೋರಿಸುತ್ತದೆ.

ಚುನಾವಣೆಯಲ್ಲಿ ಇಂತಹ ತಪ್ಪೆಣಿಕೆಗೆ ಶಿಕ್ಷೆ ಠೇವಣಿ ಕಳೆದುಕೊಳ್ಳುವುದಷ್ಟೇ. ಸಮುದಾಯದ ಬದುಕಿನಲ್ಲಿ ಅದರ ಬೆಲೆ ಹೆಚ್ಚು. 2025ರ ಆಗಸ್ಟ್ ತಿಂಗಳಿನಲ್ಲಿ ಜೈನ ಸಮಾಜ ಆ ಬೆಲೆಯನ್ನು ತೆರಬೇಕಾಯಿತು.

ದಾದರಿನ ಕಬೂತರ್‌ಖಾನೆಯ ಕಥೆ ಎಲ್ಲರಿಗೂ ತಿಳಿದದ್ದೇ. ಪಾರಿವಾಳಗಳ ಹಿಕ್ಕೆಯಿಂದ ಶ್ವಾಸಕೋಶದ ರೋಗಗಳು ಬರುತ್ತವೆಂಬ ಕಾರಣ ನೀಡಿ ನಗರದ 51 ಕಬೂತರ್‌ಖಾನೆಗಳನ್ನು ಮುಚ್ಚುವುದಾಗಿ ಜುಲೈ ತಿಂಗಳಿನಲ್ಲಿ ರಾಜ್ಯ ಸರ್ಕಾರ ವಿಧಾನ ಪರಿಷತ್ತಿನಲ್ಲಿ ಹೇಳಿತು. ಪ್ರಾಣಿಪ್ರಿಯರು ಬಾಂಬೆ ಹೈಕೋರ್ಟಿನ ಮೊರೆಹೋದರು. ಕಾಳು ಹಾಕಲು ಮಧ್ಯಂತರ ಅನುಮತಿ ಕೊಡಲು ನ್ಯಾಯಮೂರ್ತಿಗಳಾದ ಜಿ. ಎಸ್. ಕುಲಕರ್ಣಿ ಮತ್ತು ಆರಿಫ್ ಡಾಕ್ಟರ್ ಅವರ ಪೀಠ ಒಪ್ಪಲಿಲ್ಲ. ನಿಷೇಧ ಮೀರಿದವರ ಮೇಲೆ ಮೊಕದ್ದಮೆ ಹೂಡಲು ಪಾಲಿಕೆಗೆ ಸೂಚಿಸಿತು. ಪಾಲಿಕೆ ದಾದರಿನ ತಾಣಕ್ಕೆ ತಾಡಪತ್ರಿ ಹೊದಿಸಿತು. ಆಗಸ್ಟ್ 6ರ ಬೆಳಿಗ್ಗೆ ಒಂದು ಗುಂಪು ಆ ತಾಡಪತ್ರಿಯನ್ನು ಹರಿದುಹಾಕಿತು. ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಮಧ್ಯೆ ಪ್ರವೇಶಿಸಲು ನಿರಾಕರಿಸಿತು. ಆಗಸ್ಟ್ 13ರಂದು ಮರಾಠಿ ಏಕೀಕರಣ ಸಮಿತಿಯವರು ಅದೇ ಸ್ಥಳದಲ್ಲಿ ಪ್ರತಿಭಟನೆಗೆ ಇಳಿದರು.

ಆಗಸ್ಟ್ 6ರಂದು ಅಲ್ಲಿ ಸೇರಿದ್ದವರು ಕೆಲವು ನೂರು ಮಂದಿ. 2011ರ ಜನಗಣತಿಯ ಪ್ರಕಾರ ಮುಂಬಯಿಯಲ್ಲಿ ನೂರಕ್ಕೆ ನಾಲ್ವರು ಜೈನರು. ಅಂದರೆ ಸುಮಾರು ಐದು ಲಕ್ಷ ಜನ. ತಾಡಪತ್ರಿ ಹರಿಯುವ ದೃಶ್ಯ ಗಂಟೆಯೊಳಗೆ ದೇಶದ ಮೊಬೈಲುಗಳನ್ನೆಲ್ಲ ಸುತ್ತಿತು. ಅನಂತರ ಒಬ್ಬ ಮುನಿಗಳು, ಅಗತ್ಯ ಬಿದ್ದರೆ ಶಸ್ತ್ರವನ್ನೂ ಎತ್ತುವೆವು ಎಂಬರ್ಥದಲ್ಲಿ ಆಡಿದ ಮಾತಿನ ವಿಡಿಯೋ ಅದರ ಬೆನ್ನಿಗೇ ಬಂತು. ಎರಡು ವಿಡಿಯೋಗಳ ಆಧಾರದಲ್ಲಿ 'ಜೈನರು ಹೀಗೆ' ಎಂಬ ತೀರ್ಪು ಸಿದ್ಧವಾಯಿತು. ಇತ್ತ ಸಮಾಜದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ 'ಮರಾಠಿಗರು ಹೀಗೆ' ಎಂಬ ಪ್ರತಿತೀರ್ಪು ಅಷ್ಟೇ ವೇಗದಲ್ಲಿ ಹರಿದಾಡಿತು. ಅಹಿಂಸೆಯನ್ನು ಪರಮಧರ್ಮವೆಂದು ಎರಡೂವರೆ ಸಾವಿರ ವರ್ಷಗಳಿಂದ ಹೇಳುತ್ತ ಬಂದ ಸಮಾಜಕ್ಕೆ ಶಸ್ತ್ರದ ಮಾತು ಅಂಟಿಕೊಂಡಿತು. ಅದನ್ನು ಅಂಟಿಸಲು ಐದು ಲಕ್ಷ ಮಂದಿಯಲ್ಲಿ ಒಬ್ಬರ ದನಿ ಸಾಕಾಯಿತು.

ಇದರ ನಡುವೆ ಕೇಳಿಸದೇ ಹೋದ ದನಿಗಳು ಎಷ್ಟೋ. ಜೀವದಯೆ ಬೇಕು, ಆದರೆ ಜನನಿಬಿಡ ರಸ್ತೆಯ ನಡುವೆ ಮೂಟೆಗಟ್ಟಲೆ ಕಾಳು ಸುರಿಯುವುದೇ ಜೀವದಯೆಯೇ ಎಂದು ಮನೆಯೊಳಗೆ ಕೇಳುವವರು ಸಮಾಜದಲ್ಲಿ ಇದ್ದಾರೆ. ಉಸಿರಾಟದ ತೊಂದರೆಯಿಂದ ಬಳಲುವ ಹಿರಿಯರು ಜೈನ ಮನೆಗಳಲ್ಲೂ ಇದ್ದಾರೆ. ಸಾಂಗ್ಲಿ, ಕೊಲ್ಹಾಪುರ, ಬೆಳಗಾವಿಗಳಿಂದ ಬಂದು ನೆಲೆಸಿದ ದಿಗಂಬರ ಕುಟುಂಬಗಳಿವೆ. ಅವರ ಮನೆಮಾತು ಮರಾಠಿ ಅಥವಾ ಕನ್ನಡ. 'ಮರಾಠಿಗರ ವಿರುದ್ಧ ಜೈನರು' ಎಂಬ ವಾಕ್ಯದಲ್ಲಿ ಮರಾಠಿ ಮಾತಾಡುವ ಜೈನನಿಗೆ ನಿಲ್ಲುವ ಜಾಗವೇ ಇಲ್ಲ. ತಾಡಪತ್ರಿ ಹರಿಯುವುದನ್ನು ಒಪ್ಪದೆ, ಆದರೆ ಹಸಿದ ಹಕ್ಕಿಗಳನ್ನು ಕಂಡು ಮರುಗಿದವರೂ ಬಹಳ. ಇಂತಹ ಎರಡು ಮನಸ್ಸಿನ ಮಾತು ಹ್ಯಾಷ್‌ಟ್ಯಾಗ್ ಆಗುವುದಿಲ್ಲ. ಅರ್ಧ ಹೌದು ಅರ್ಧ ಅಲ್ಲ ಎನ್ನುವವನನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಯಾರು ಬರೆಯುತ್ತಾರೆ ಎಂಬುದೇ ಇಲ್ಲಿ ಮೊದಲ ಪ್ರಶ್ನೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ ಅಲ್ಲಿನ ವಯಸ್ಕ ಟ್ವಿಟರ್ ಬಳಕೆದಾರರನ್ನು ಅಧ್ಯಯನ ಮಾಡಿದಾಗ, ಬಳಕೆದಾರರಲ್ಲಿ ಶೇ. 10ರಷ್ಟು ಜನ ಒಟ್ಟು ಬರಹದ ಶೇ. 80ರಷ್ಟನ್ನು ಬರೆಯುತ್ತಿದ್ದುದು ಕಂಡುಬಂತು. ಯಾವುದೇ ಬಸದಿಯ ಅಥವಾ ಹೌಸಿಂಗ್ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪನ್ನು ತೆರೆದು ನೋಡಿದರೂ ಚಿತ್ರ ಇದೇ. ಇನ್ನೂರು ಸದಸ್ಯರ ಗುಂಪಿನಲ್ಲಿ ಮಾತಾಡುವವರು ಹತ್ತು ಹನ್ನೆರಡು ಮಂದಿ. ಉಳಿದವರು ಓದುತ್ತಾರೆ, ಅಥವಾ ಓದದೆ ಅಳಿಸುತ್ತಾರೆ. ಆ ಮೌನವನ್ನು ಸಮ್ಮತಿಯೆಂದು ಲೆಕ್ಕ ಹಾಕಿ 'ಸಮಾಜದ ಅಭಿಪ್ರಾಯ'ವೆಂಬ ಶೀರ್ಷಿಕೆಯಡಿ ಹೇಳಿಕೆ ಹೊರಡುತ್ತದೆ.

ಸಂಖ್ಯೆ ದೊಡ್ಡದಾದರೆ ಸತ್ಯ ಹತ್ತಿರವಾಗುತ್ತದೆ ಎಂಬ ನಂಬಿಕೆ ಹಳೆಯದು. ಅದರ ಸೋಲೂ ಹಳೆಯದೇ. 1936ರಲ್ಲಿ ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಸುಮಾರು ಒಂದು ಕೋಟಿ ಮತಪತ್ರಗಳನ್ನು ಅಂಚೆಯಲ್ಲಿ ಕಳುಹಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಅವುಗಳನ್ನು ಎಣಿಸಿ ಲ್ಯಾಂಡನ್ ಗೆಲ್ಲುತ್ತಾರೆಂದು ಪತ್ರಿಕೆ ಸಾರಿತು. ಫಲಿತಾಂಶ ಬಂದಾಗ 48 ರಾಜ್ಯಗಳಲ್ಲಿ 46ನ್ನು ರೂಸ್‌ವೆಲ್ಟ್ ಗೆದ್ದಿದ್ದರು. ಪತ್ರಿಕೆ ವಿಳಾಸಗಳನ್ನು ಆರಿಸಿದ್ದು ಹೆಚ್ಚಾಗಿ ದೂರವಾಣಿ ಮತ್ತು ಕಾರು ಹೊಂದಿದವರ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಬಡವನ ಮನೆಯಲ್ಲಿ ಎರಡೂ ಇರಲಿಲ್ಲ. ಜತೆಗೆ, ಶ್ರಮಪಟ್ಟು ಉತ್ತರ ಬರೆದವರಲ್ಲಿ ಆಳುವವರ ಮೇಲೆ ಸಿಟ್ಟಿದ್ದವರೇ ಹೆಚ್ಚು. ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪ್ ಸುಮಾರು ಐವತ್ತು ಸಾವಿರ ಜನರನ್ನಷ್ಟೇ ಸರಿಯಾದ ಪ್ರಮಾಣದಲ್ಲಿ ಆರಿಸಿ ಕೇಳಿ, ಗೆಲ್ಲುವವರ ಹೆಸರನ್ನು ಸರಿಯಾಗಿ ಹೇಳಿದರು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು, ಆದರೆ ಆ ಅಗುಳು ಅದೇ ಪಾತ್ರೆಯದಾಗಿರಬೇಕು. ಪಕ್ಕದ ಮನೆಯ ಪಾತ್ರೆಯಿಂದ ಸೇರುಗಟ್ಟಲೆ ತಂದು ಹಿಸುಕಿದರೂ ತಿಳಿಯುವುದಿಲ್ಲ.

ಜಾಲತಾಣದ ಕಾಲದಲ್ಲೂ ಇದೇ ಪಾಠ ಮರುಕಳಿಸಿತು. ಜರ್ಮನಿಯ 2009ರ ಸಂಸತ್ ಚುನಾವಣೆಯಲ್ಲಿ ಪಕ್ಷಗಳ ಹೆಸರು ಟ್ವಿಟರಿನಲ್ಲಿ ಎಷ್ಟು ಬಾರಿ ಬಂತೆಂಬ ಎಣಿಕೆ ಅವುಗಳ ಮತಪ್ರಮಾಣಕ್ಕೆ ಬಹಳ ಹತ್ತಿರವಾಗಿತ್ತೆಂದು ಒಂದು ಸಂಶೋಧನ ತಂಡ 2010ರಲ್ಲಿ ಪ್ರಕಟಿಸಿತು. ಜಗತ್ತು ಬೆರಗಾಯಿತು. ಬೇರೆ ವಿದ್ವಾಂಸರು ಅದೇ ಲೆಕ್ಕವನ್ನು ಮತ್ತೆ ಮಾಡಿದಾಗ ಒಂದು ಸಂಗತಿ ಹೊರಬಿತ್ತು: ಮೊದಲ ತಂಡ ಸಂಸತ್ತಿನಲ್ಲಿದ್ದ ದೊಡ್ಡ ಪಕ್ಷಗಳನ್ನಷ್ಟೇ ಎಣಿಸಿತ್ತು. ಯುವಕರ ಪುಟ್ಟ ಪೈರೇಟ್ ಪಕ್ಷವನ್ನೂ ಸೇರಿಸಿದರೆ, ಟ್ವಿಟರಿನ ಪ್ರಕಾರ ಗೆಲ್ಲಬೇಕಾದದ್ದು ಅದೇ! ನಿಜದಲ್ಲಿ ಅದಕ್ಕೆ ಬಿದ್ದದ್ದು ಶೇ. 2ರಷ್ಟು ಮತ.

ಎರಡನೆಯ ಪ್ರಶ್ನೆ, ಯಾರು ಬರೆಯುವುದಿಲ್ಲ ಎಂಬುದು. ಇದಕ್ಕೆ ಮುಂಬಯಿಯ ಪಕ್ಕದಲ್ಲೇ ಒಂದು ಕಹಿ ನೆನಪಿದೆ. 2012ರ ನವೆಂಬರ್ 17ರಂದು ಬಾಳಾ ಸಾಹೇಬ್ ಠಾಕ್ರೆ ತೀರಿಕೊಂಡರು. ಮರುದಿನ ನಗರ ಸ್ತಬ್ಧವಾಯಿತು. ಪಾಲ್ಘರಿನ ಒಬ್ಬ ಯುವತಿ, ಈ ಬಂದ್ ಗೌರವದಿಂದಲೋ ಭಯದಿಂದಲೋ ಎಂಬರ್ಥದ ಒಂದು ಸಾಲನ್ನು ಫೇಸ್‌ಬುಕ್ಕಿನಲ್ಲಿ ಬರೆದಳು. ಅವಳ ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಇಬ್ಬರ ಬಂಧನವೂ ಆಯಿತು, ಬಂಧುವಿನ ಆಸ್ಪತ್ರೆಯ ಮೇಲೆ ದಾಳಿಯೂ ನಡೆಯಿತು. ದೇಶವೆಲ್ಲ ಖಂಡಿಸಿದ ಮೇಲೆ ಮೊಕದ್ದಮೆ ಬಿದ್ದುಹೋಯಿತು. ಆ ಬಂಧನಕ್ಕೆ ಬಳಕೆಯಾದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿತು. ಕಾನೂನು ಹೋಯಿತು, ಕಲಿತ ಪಾಠ ಹೋಗಲಿಲ್ಲ. ಆ ದಿನಗಳಲ್ಲಿ ಜಾಲತಾಣವನ್ನು ಅಳೆದಿದ್ದರೆ ನಗರದಲ್ಲಿ ಬಂದ್‌ಗೆ ಬೇಸರಪಟ್ಟವರೇ ಇಲ್ಲವೆಂದು ತೋರುತ್ತಿತ್ತು. ಧಾರ್ಮಿಕ ವಿಷಯಗಳಲ್ಲಿ ಈ ಮೌನ ಇನ್ನೂ ದಟ್ಟ. ಮುನಿಸಂಘದ ಬಗೆಗೋ ಟ್ರಸ್ಟಿನ ಖರ್ಚಿನ ಬಗೆಗೋ ಸಂಶಯವಿರುವ ಶ್ರಾವಕ ಅದನ್ನು ಗುಂಪಿನಲ್ಲಿ ಬರೆಯುವುದಿಲ್ಲ. ಮಗಳ ಮದುವೆಯ ಮಾತುಕತೆ ಅದೇ ಗುಂಪಿನ ಮನೆಗಳೊಂದಿಗೆ ನಡೆಯಬೇಕಾಗಿರುತ್ತದೆ. ಇನ್ನು ಶ್ರಾವಿಕೆಯರ ಮಾತು ದೂರವೇ ಉಳಿಯಿತು.

ಮೂರನೆಯ ಪ್ರಶ್ನೆ, ಬರೆಯುವವನು ಮನುಷ್ಯನೇ ಹೌದೇ ಎಂಬುದು. 2020ರ ಜೂನ್ 14ರಂದು ನಟ ಸುಶಾಂತ್ ಸಿಂಗ್ ರಜಪೂತ್ ಬಾಂದ್ರಾದ ಮನೆಯಲ್ಲಿ ಮೃತರಾಗಿ ಕಂಡುಬಂದರು. ಮುಂದಿನ ತಿಂಗಳುಗಳಲ್ಲಿ ಇದು ಕೊಲೆಯೆಂದು 'ಇಡೀ ದೇಶ' ಹೇಳುತ್ತಿದೆಯೆಂಬ ಭಾವನೆ ಜಾಲತಾಣದಲ್ಲೂ ದೂರದರ್ಶನದ ವಾಹಿನಿಗಳಲ್ಲೂ ಬೆಳೆಯಿತು. ನಗರದ ಪೊಲೀಸರನ್ನು ದೂಷಿಸಲು ಎಂಬತ್ತು ಸಾವಿರಕ್ಕೂ ಹೆಚ್ಚು ನಕಲಿ ಖಾತೆಗಳು ಬಳಕೆಯಾಗಿದ್ದವೆಂದು ಮುಂಬಯಿ ಪೊಲೀಸರ ಸೈಬರ್ ವಿಭಾಗ ಆ ಅಕ್ಟೋಬರಿನಲ್ಲಿ ಹೇಳಿತು. ಆರೋಪಕ್ಕೊಳಗಾದ ಇಲಾಖೆಯೇ ಕೊಟ್ಟ ಲೆಕ್ಕವಾದ್ದರಿಂದ ಅದನ್ನೂ ಎಚ್ಚರದಿಂದಲೇ ಓದಬೇಕು. ಆದರೆ ಮುಂದಿನ ಘಟನೆಗಳು ಸ್ಪಷ್ಟ. ಏಮ್ಸ್ ವೈದ್ಯರ ತಂಡ ಕೊಲೆಯ ಸಾಧ್ಯತೆಯನ್ನು ತಳ್ಳಿಹಾಕಿತು. 2025ರ ಮಾರ್ಚಿನಲ್ಲಿ ಸಿಬಿಐ ಮುಕ್ತಾಯದ ವರದಿ ಸಲ್ಲಿಸಿತು. ಅಷ್ಟರಲ್ಲಿ ನಟಿ ರಿಯಾ ಚಕ್ರವರ್ತಿ, ಅದೇ ಗದ್ದಲದ ಬೆನ್ನಿಗೆ ಬಂದ ಮಾದಕ ವಸ್ತುಗಳ ಪ್ರಕರಣದಲ್ಲಿ, ಸುಮಾರು ಒಂದು ತಿಂಗಳನ್ನು ಬೈಕಲಾ ಸೆರೆಮನೆಯಲ್ಲಿ ಕಳೆದಾಗಿತ್ತು. ಕೃತಕವಾಗಿ ಉಬ್ಬಿಸಿದ ಲೋಕಾಭಿಪ್ರಾಯವೂ ಒಬ್ಬ ನಿಜವಾದ ವ್ಯಕ್ತಿಯ ಬಾಗಿಲನ್ನು ತಟ್ಟಬಲ್ಲದು.

ಹಾಗಾದರೆ ಜಾಲತಾಣದ ಮಾತೆಲ್ಲ ಹುಸಿಯೇ? ಹಾಗೆನ್ನುವುದೂ ಏಕಾಂತವಾದವೇ ಆದೀತು. ದಾದರಿನ ಗಲಾಟೆ ನಡೆದ ಅದೇ ವಾರ ಕೊಲ್ಹಾಪುರ ಜಿಲ್ಲೆಯಲ್ಲಿ ಇನ್ನೊಂದು ಚಳವಳಿ ನಡೆಯುತ್ತಿತ್ತು. ನಾಂದಣಿ ಜೈನ ಮಠದಲ್ಲಿ ಮೂರು ದಶಕಗಳಿಂದ ಇದ್ದ ಮಾಧುರಿ ಎಂಬ ಆನೆಯನ್ನು ನ್ಯಾಯಾಲಯದ ಆದೇಶದಂತೆ ಜಾಮ್‌ನಗರದ ವನತಾರಾಕ್ಕೆ ಒಯ್ಯಲಾಯಿತು. ಜಾಲತಾಣದಲ್ಲಿ ಸಂಕಟ ಉಕ್ಕಿತು. ವನತಾರಾ ನಡೆಸುವ ಉದ್ಯಮ ಸಮೂಹದ ಮೇಲಿನ ಸಿಟ್ಟಿನಿಂದ ಜನ ಜಿಯೋ ಸಿಮ್ ತ್ಯಜಿಸತೊಡಗಿದರು. ಆಗಸ್ಟ್ 3ರಂದು ಸಾವಿರಾರು ಜನ ನಾಂದಣಿಯಿಂದ ಕೊಲ್ಹಾಪುರದವರೆಗೆ ಕಾಲ್ನಡಿಗೆಯಲ್ಲಿ ಸಾಗಿದರು. ಅವರಲ್ಲಿ ಜೈನರಷ್ಟೇ ಇರಲಿಲ್ಲ. ಸುತ್ತಲಿನ ಊರುಗಳ ಎಲ್ಲ ಜಾತಿ ಮತಗಳ ರೈತರಿದ್ದರು. ಕೆಲವೇ ದಿನಗಳಲ್ಲಿ ವನತಾರಾ ತನ್ನ ನಿಲುವು ಸಡಿಲಿಸಿ, ನಾಂದಣಿಯ ಬಳಿಯೇ ಆನೆಗೆ ಪುನರ್ವಸತಿ ಕೇಂದ್ರ ನಿರ್ಮಿಸಲು ನೆರವಾಗುವುದಾಗಿ ಹೇಳಿತು. ಆನೆಯ ಆರೋಗ್ಯಕ್ಕೆ ಯಾವುದು ಹಿತ ಎಂಬ ಚರ್ಚೆ ಬೇರೆಯದು. ಅದಕ್ಕೆ ಉತ್ತರಿಸಬೇಕಾದವರು ಪಶುವೈದ್ಯರು. ಆದರೆ ಜನರ ಮನಸ್ಸು ಏನೆಂಬ ಪ್ರಶ್ನೆಗೆ ಅಲ್ಲಿ ಜಾಲತಾಣ ಸುಳ್ಳು ಹೇಳಲಿಲ್ಲ.

ಆ ವರ್ಷದ ಏಪ್ರಿಲ್ 16ರಂದು ವಿಲೇ ಪಾರ್ಲೆಯ ಪಾರ್ಶ್ವನಾಥ ದಿಗಂಬರ ಜಿನಮಂದಿರವನ್ನು ಪಾಲಿಕೆ ಕೆಡವಿದಾಗಲೂ ಹೀಗೆಯೇ ಆಯಿತು. ಮೊದಲ ಸುದ್ದಿ ಹರಡಿದ್ದು ಮೊಬೈಲಿನಲ್ಲಿ. ಮೂರೇ ದಿನಗಳಲ್ಲಿ, ಏಪ್ರಿಲ್ 19ರಂದು, ದಿಗಂಬರ ಶ್ವೇತಾಂಬರ ಭೇದವಿಲ್ಲದೆ ಸಾವಿರಾರು ಜನ ಶಾಂತವಾಗಿ ಮೆರವಣಿಗೆ ನಡೆಸಿದರು. ವಾರ್ಡ್ ಅಧಿಕಾರಿಯನ್ನು ಪಾಲಿಕೆ ವರ್ಗಾಯಿಸಿತು.

ಈ ಎರಡು ಪ್ರಕರಣಗಳಿಗೂ ದಾದರಿನ ಪ್ರಕರಣಕ್ಕೂ ಇರುವ ಅಂತರ ಸಂದೇಶಗಳ ಸಂಖ್ಯೆಯಲ್ಲಿಲ್ಲ. ನಾಂದಣಿಯಲ್ಲಿ ಜನ ತಮ್ಮ ದೂರವಾಣಿ ಸಂಪರ್ಕವನ್ನೇ ಬದಲಿಸಿದರು, ಬಿಸಿಲಿನಲ್ಲಿ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ನಡೆದರು. ಪಾರ್ಲೆಯಲ್ಲಿ ಅಂಗಡಿ ಬಿಟ್ಟು ರಸ್ತೆಗೆ ಬಂದರು. ಏನನ್ನಾದರೂ ತೆತ್ತು ಹೇಳಿದ ಮಾತಿಗೆ ತೂಕ ಹೆಚ್ಚು. ಹೆಬ್ಬೆರಳಿನ ಒಂದು ಒತ್ತಿಗೆ ಬೆಲೆಯೇನೂ ಇಲ್ಲ. ಇನ್ನೊಂದು ಅಂತರವೂ ಇದೆ: ಅಲ್ಲಿ ಬೇರೆ ಬೇರೆ ಬಗೆಯ ಜನ ಒಂದೇ ಮಾತನ್ನು ಹೇಳಿದರು, ದಾದರಿನಲ್ಲಿ ಒಂದೇ ಬಗೆಯ ಜನ ಅದೇ ಮಾತನ್ನು ಮತ್ತೆ ಮತ್ತೆ ಹೇಳಿದರು. ಬಸದಿಯ ಗಂಟೆ ಮೊಳಗಿದರೆ ಯಾರೋ ಬಂದಿದ್ದಾರೆಂದು ತಿಳಿಯುತ್ತದೆ. ಒಳಗೆ ಎಷ್ಟು ಜನರಿದ್ದಾರೆಂದು ಗಂಟೆ ಹೇಳುವುದಿಲ್ಲ. ಜಾಲತಾಣ ಅಂತಹ ಗಂಟೆ. ಎಲ್ಲೋ ನೋವಾಗಿದೆ ಎಂದು ಅದು ಬೇಗ ತಿಳಿಸುತ್ತದೆ. ನೋವು ಎಷ್ಟು ಜನರದು, ಎಷ್ಟು ಆಳದ್ದು ಎಂದು ತಿಳಿಯಲು ಒಳಗೆ ಹೋಗಿ ನೋಡಲೇಬೇಕು.

ಸಮೀಕ್ಷೆಗಳು ಇದಕ್ಕೆ ದಿವ್ಯೌಷಧವೆಂದೂ ಹೇಳುವಂತಿಲ್ಲ. 2024ರ ಲೋಕಸಭಾ ಚುನಾವಣೆಯ ನಂತರದ ಮತಗಟ್ಟೆ ಸಮೀಕ್ಷೆಗಳು ಆಳುವ ಮೈತ್ರಿಕೂಟಕ್ಕೆ 350ರಿಂದ 400 ಸ್ಥಾನಗಳನ್ನು ಹಂಚಿದವು, ಬಂದದ್ದು 293. ಅದೇ ವರ್ಷ ಮಹಾರಾಷ್ಟ್ರದ ಮತದಾರ ಲೋಕಸಭೆಯಲ್ಲಿ 48ರ ಪೈಕಿ 30 ಸ್ಥಾನಗಳನ್ನು ಮಹಾವಿಕಾಸ ಆಘಾಡಿಗೆ ಕೊಟ್ಟು, ಆರು ತಿಂಗಳೊಳಗೆ ವಿಧಾನಸಭೆಯಲ್ಲಿ ಮಹಾಯುತಿಗೆ 230ಕ್ಕೂ ಹೆಚ್ಚು ಸ್ಥಾನಗಳನ್ನು ಕೊಟ್ಟ. ಜನಮನ ಕಲ್ಲಿನ ಶಾಸನವಲ್ಲ. ಆದರೂ ಸಮೀಕ್ಷೆಗೆ ಒಂದು ಗುಣವಿದೆ: ಯಾರನ್ನು ಕೇಳಿದೆ, ಎಷ್ಟು ಜನರನ್ನು ಕೇಳಿದೆ ಎಂದು ಅದು ಹೇಳಲು ಬದ್ಧ, ತಪ್ಪಿದರೆ ಎಲ್ಲಿ ತಪ್ಪಿತೆಂದು ಹುಡುಕಬಹುದು. ಫಾರ್ವರ್ಡ್ ಆಗಿ ಬಂದ ಜನಾಭಿಪ್ರಾಯಕ್ಕೆ ತಂದೆತಾಯಿಗಳೇ ಇರುವುದಿಲ್ಲ.

ಈ ವಿವೇಕವನ್ನು ಜೈನ ಸಮಾಜ ಹೊರಗಿನಿಂದ ಎರವಲು ತರಬೇಕಾಗಿಲ್ಲ. ಜೈನ ತರ್ಕಶಾಸ್ತ್ರ ಪ್ರಮಾಣಕ್ಕೂ ನಯಕ್ಕೂ ಭೇದ ಹೇಳುತ್ತದೆ. ವಸ್ತುವನ್ನು ಅದರ ಸಮಗ್ರತೆಯಲ್ಲಿ ಅರಿಯುವುದು ಪ್ರಮಾಣ. ಒಂದು ಕೋನದಿಂದ ಅರಿಯುವುದು ನಯ. ನಯ ಸುಳ್ಳಲ್ಲ, ಅದು ಅಂಶಸತ್ಯ. ಆದರೆ ತನ್ನ ಅಂಶವೇ ಪೂರ್ಣವೆಂದು ಹಠ ಹಿಡಿದು ಉಳಿದ ಅಂಶಗಳನ್ನು ಅಲ್ಲಗಳೆದಾಗ ಅದೇ ದುರ್ನಯವಾಗುತ್ತದೆ. ಒಂದು ರೀಲ್ಸ್, ಒಂದು ಹ್ಯಾಷ್‌ಟ್ಯಾಗ್, ಒಂದು ವಾಟ್ಸ್‌ಆ್ಯಪ್ ಗುಂಪು ಇವೆಲ್ಲ ನಯಗಳು. ಅವುಗಳ ಮೇಲೆ 'ಸಕಲ ಜೈನ ಸಮಾಜ'ವೆಂಬ ಮುದ್ರೆ ಒತ್ತಿದ ಕ್ಷಣ ಅವು ದುರ್ನಯಗಳು. ಆನೆಯ ಬಾಲ ಹಿಡಿದವನು ಆನೆ ಹಗ್ಗದಂತಿದೆ ಎಂದರೆ ಅವನ ಅನುಭವ ನಿಜ, ತೀರ್ಮಾನ ತಪ್ಪು.

ಅಣುವ್ರತಗಳಲ್ಲಿಯೂ ಇದಕ್ಕೆ ನೇರ ಮಾರ್ಗದರ್ಶನವಿದೆ. ತತ್ತ್ವಾರ್ಥಸೂತ್ರ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೆಸರಿಸುತ್ತದೆ. ಮಿಥ್ಯೋಪದೇಶ ಅವುಗಳಲ್ಲಿ ಒಂದು. ಕೂಟಲೇಖಕ್ರಿಯೆ, ಅಂದರೆ ಇನ್ನೊಬ್ಬರ ಹೆಸರಿನಲ್ಲಿ ಸುಳ್ಳು ಬರಹ ಹುಟ್ಟಿಸುವುದು, ಇನ್ನೊಂದು. ನಕಲಿ ಖಾತೆಗೆ ಇದಕ್ಕಿಂತ ಒಪ್ಪುವ ಹೆಸರು ಯಾವ ಭಾಷೆಯಲ್ಲೂ ಸಿಗದು. ಗುಟ್ಟನ್ನು ಬಯಲು ಮಾಡುವುದೂ ಆ ಪಟ್ಟಿಯಲ್ಲಿದೆ. ಖಾಸಗಿ ಗುಂಪಿನ ಸಂದೇಶಗಳ ಚಿತ್ರ ತೆಗೆದು ಬೀದಿಗೆ ಹಾಕುವವರು ಇದನ್ನು ನೆನೆಯಬೇಕು. ಹಸಿರು ತರಕಾರಿ ಬಿಡುವ ದಿನಗಳನ್ನು ಎಣಿಸಿ ಪಾಲಿಸುವ ಮನೆಗಳಲ್ಲಿ, ಪರಿಶೀಲಿಸದೆ ಫಾರ್ವರ್ಡ್ ಒತ್ತುವುದು ವ್ರತಭಂಗವೆಂದು ಯಾರೂ ಹೇಳಿಕೊಡುತ್ತಿಲ್ಲ. ಚಾತುರ್ಮಾಸದ ಪ್ರವಚನಗಳಲ್ಲಿ ಇದಕ್ಕೆ ಒಂದು ದಿನ ಮೀಸಲಿಟ್ಟರೆ ಅನುಚಿತವೇನಲ್ಲ.

ಮಾಡಬೇಕಾದದ್ದು ಕಷ್ಟದ್ದೂ ಅಲ್ಲ. ಸಮಾಜದ ಹೆಸರಿನಲ್ಲಿ ಹೇಳಿಕೆ ಕೊಡುವ ಮೊದಲು ಬಸದಿ, ಮಂದಿರ, ಸ್ಥಾನಕಗಳ ಟ್ರಸ್ಟುಗಳು ಸಭೆ ಕರೆಯಲಿ. ಎಷ್ಟು ಜನ ಬಂದಿದ್ದರು, ಅವರಲ್ಲಿ ಶ್ರಾವಿಕೆಯರೆಷ್ಟು, ತರುಣರೆಷ್ಟು ಎಂದು ನಡಾವಳಿಯಲ್ಲಿ ಬರೆಯಲಿ. ಭಿನ್ನಾಭಿಪ್ರಾಯವಿದ್ದರೆ ಅದನ್ನೂ ಹೇಳಿಕೆಯಲ್ಲಿ ಸೇರಿಸಲಿ. ಸೂಕ್ಷ್ಮ ವಿಷಯಗಳಲ್ಲಿ ಹೆಸರಿಲ್ಲದ ಚೀಟಿ ಹಾಕಿಸಿದರೆ ಸಾಕು. ಗುಂಪಿನಲ್ಲಿ ಬಾಯಿ ಬಿಡದವರು ಚೀಟಿಯಲ್ಲಿ ಬರೆಯುತ್ತಾರೆ. 1899ರಲ್ಲಿ ದಕ್ಷಿಣ ಭಾರತ ಜೈನ ಸಭೆಯನ್ನು ಕಟ್ಟಿದ ಹಿರಿಯರ ಕೈಯಲ್ಲಿ ಮೊಬೈಲ್ ಇರಲಿಲ್ಲ. ಅಧಿವೇಶನಗಳಿಗೆ ದೂರದ ಊರುಗಳಿಂದ ಜನರನ್ನು ಕರೆಸಿ, ಎದುರುಬದುರು ಕುಳಿತು ವಾದಿಸಿ, ಠರಾವು ಮಾಡಿ ಅವರು ಹೆಣ್ಣುಮಕ್ಕಳ ಶಿಕ್ಷಣವನ್ನೂ ವಿದ್ಯಾರ್ಥಿ ನಿಲಯಗಳನ್ನೂ ಬೆಳೆಸಿದರು. ಅಂತಹ ಠರಾವಿಗೆ ನಿಲ್ಲುವ ಕಾಲಿತ್ತು.

ಅಧಿಕಾರದಲ್ಲಿರುವವರಿಗೂ ಇದೇ ಮಾತು. ಕಬೂತರ್‌ಖಾನೆಯ ವಿಷಯದಲ್ಲಿ ಹೈಕೋರ್ಟ್ ಯಾವ ಕಡೆಯ ಸಂದೇಶಗಳು ಹೆಚ್ಚೆಂದು ಎಣಿಸಲಿಲ್ಲ. ಆರೋಗ್ಯದ ಪ್ರಶ್ನೆಯನ್ನು ತಜ್ಞರ ಸಮಿತಿಯ ಮುಂದಿಡುವ ದಾರಿ ತೋರಿತು. ರಾಜಕಾರಣಿಗಳು ಗದ್ದಲದ ದಿಕ್ಕು ನೋಡಿ ಒಂದು ವಾರ ಮುಚ್ಚಿರೆಂದೂ ಮರುವಾರ ತೆರೆಯಿರೆಂದೂ ಹೇಳಿದರೆ ಹಕ್ಕಿಗೂ ಹಿತವಿಲ್ಲ, ರೋಗಿಗೂ ಹಿತವಿಲ್ಲ. ಪತ್ರಿಕೆ ಮತ್ತು ವಾಹಿನಿಗಳು 'ಜಾಲತಾಣದಲ್ಲಿ ಜನರ ಆಕ್ರೋಶ'ವೆಂದು ಶೀರ್ಷಿಕೆ ಕೊಡುವ ಮುನ್ನ ಎಷ್ಟು ಜನ, ಯಾವ ಊರಿನ ಜನ ಎಂದು ಕೇಳಿಕೊಳ್ಳುವುದು ಅವುಗಳ ಕನಿಷ್ಠ ಕರ್ತವ್ಯ.

ವರ್ಸೋವಾದ 155 ಮತಗಳು ಒಬ್ಬ ಅಭ್ಯರ್ಥಿಗೆ ಕಲಿಸಿದ ಪಾಠ ಅಗ್ಗವಾಗಿಯೇ ಮುಗಿಯಿತು. ಮುಂಬಯಿಯ ಒಂದು ಚಾಳಿನಲ್ಲಿ, ಒಂದೇ ಜಗುಲಿಯ ಎರಡು ತುದಿಗಳಲ್ಲಿ ದಶಕಗಳಿಂದ ಬಾಳಿದ ಜೈನ ಮನೆ ಮತ್ತು ಮರಾಠಿ ಮನೆ ಮೊಬೈಲ್ ನೋಡಿ ಪರಸ್ಪರ ಮಾತು ಬಿಟ್ಟರೆ, ಆ ನಷ್ಟವನ್ನು ತುಂಬಿಕೊಡಲು ಯಾವ ಮತ ಎಣಿಕೆಯೂ ಬರುವುದಿಲ್ಲ. ಎದುರು ಮನೆಯವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಬೇಕಾದರೆ, ಜಗುಲಿ ದಾಟಿ ಹೋಗಿ ಕೇಳುವ ಹಳೆಯ ದಾರಿ ಇನ್ನೂ ತೆರೆದೇ ಇದೆ.